ಅತ್ತೆಯ ಮುಷ್ಟಿಯಲ್ಲಿದ್ದ ಸೊಪ್ಪು

ನಮ್ಮ ಅತ್ತೆ ನನಗೆ ಕೈಮದ್ದು ಹಾಕುತ್ತಿದ್ದಾರೆ ಎಂದು ನಾನು ಸುಮಾರು ಎಂಟು ತಿಂಗಳು ನಂಬಿದ್ದೆ. ಊಟದಲ್ಲೋ ಹಾಸಿಗೆಯಲ್ಲೋ ಯಾರಿಗೂ ಗೊತ್ತಾಗದಂತೆ ಏನನ್ನೋ ಸೇರಿಸಿ, ಆಗದವರನ್ನು ಮೆತ್ತಗೆ ಮಾಡಿ ಮನೆ ಬಿಡಿಸುವುದಕ್ಕೆ ನಮ್ಮ ಕಡೆ ಕೈಮದ್ದು ಅನ್ನುತ್ತಾರೆ. ಈ ಕಾಲದಲ್ಲೂ ಇದನ್ನೆಲ್ಲ ನಂಬುತ್ತಾರಾ ಎಂದು ಮೂಗು ಮುರಿಯಬೇಡಿ. ಹಗಲೆಲ್ಲ ದಾಬಸ್‌ಪೇಟೆಯ ಒಂದು ಗೋಡೌನಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಯಾವ ಲಾರಿ ಎಲ್ಲಿದೆ ಎಂದು ನೋಡುತ್ತಿದ್ದವಳೂ ನಾನೇ, ಸಂಜೆ ಮನೆಗೆ ಬಂದು ದಿಂಬಿನ ಹೊಲಿಗೆ ಬಿಚ್ಚಿ ಒಳಗೆ ಕೈಯಾಡಿಸಿ ಹುಡುಕುತ್ತಿದ್ದವಳೂ ನಾನೇ.

ಅನುಮಾನ ನನಗೆ ತವರಿನಿಂದ ಬಂದದ್ದು. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ನಾಲ್ಕು ಪವರ್‌ಲೂಮ್ ಇದ್ದವು. ನಮ್ಮಪ್ಪ ಯಾರ ಮಾತನ್ನೂ ಸುಮ್ಮನೆ ಒಪ್ಪಿದವರಲ್ಲ. ನೂಲು ತಂದವನು ಒಳ್ಳೆಯ ನೂಲು ಅಂದರೆ ಗಂಟು ಬಿಚ್ಚಿಸುತ್ತಿದ್ದರು, ಮಳೆ ಬರುತ್ತದೆ ಅಂದರೆ ಹೊರಗೆ ಹೋಗಿ ಆಕಾಶ ನೋಡಿ ಬರುತ್ತಿದ್ದರು. ನೂಲಿಗೆ ಹಾಕುವ ಗಂಜಿ ಹುಳಿ ಬಂದಿದೆಯೋ ಇಲ್ಲವೋ ನೋಡುವುದಕ್ಕೆ ಮಾತ್ರ ನನ್ನನ್ನು ಕರೆಯುತ್ತಿದ್ದರು. ನನ್ನ ಮೂಗು ಅಷ್ಟು ಚುರುಕು. ಎದುರು ಮನೆಯಲ್ಲಿ ಒಗ್ಗರಣೆ ಹಾಕಿದರೆ ಯಾವ ಸಾರು ಎಂದು ನಮ್ಮ ಜಗುಲಿಯಲ್ಲಿ ಕೂತೇ ಹೇಳುತ್ತಿದ್ದೆ.

ನಾನು ಮದುವೆಯಾಗಿ ಬಂದದ್ದು ತ್ಯಾಮಗೊಂಡ್ಲಿನಿಂದ ಸ್ವಲ್ಪ ಒಳಗಿರುವ ಒಂದು ಊರಿಗೆ. ಗೋಡೌನಿನಲ್ಲಿ ಪರಿಚಯವಾದವರನ್ನು ಮೆಚ್ಚಿ ಕಟ್ಟಿಕೊಂಡೆ. ಅವರು ಬೇಸಾಯದ ಮನೆಯವರು, ನಾವು ನೇಯುವ ಮನೆಯವರು, ಜಾತಿ ಬೇರೆ. ಮಾವ ಆಗಲೇ ಇರಲಿಲ್ಲ. ಮನೆಯಲ್ಲಿ ಅತ್ತೆ, ನಮ್ಮನೆಯವರು, ನಾನು, ಮೂರೇ ಜನ. ಅತ್ತೆ ಮದುವೆಗೆ ಬಂದರು, ಅಕ್ಷತೆ ಹಾಕಿದರು, ಆಮೇಲೆ ಏಳು ವರ್ಷ ನನ್ನ ಜೊತೆ ಅಗತ್ಯ ಬಿದ್ದಷ್ಟು ಮಾತ್ರ ಮಾತಾಡಿದರು.

ಆದರೆ ಊರಿನ ಜನ ಅವರ ಜೊತೆ ಮಾತಾಡಲು ಸಾಲುಗಟ್ಟಿ ಬರುತ್ತಿದ್ದರು. ನಮ್ಮ ಅತ್ತೆ ಸರ್ಪಸುತ್ತಿಗೆ ಔಷಧಿ ಹಾಕುತ್ತಿದ್ದರು. ಸೊಂಟದ ಸುತ್ತ, ಎದೆಯ ಪಕ್ಕ ಗುಳ್ಳೆ ಎದ್ದು ಬೆಂಕಿ ಇಟ್ಟ ಹಾಗೆ ಉರಿಯುತ್ತದಲ್ಲ, ಅದು. ಒಂದು ಸೊಪ್ಪನ್ನು ಅರೆದು ಗುಳ್ಳೆಯ ಮೇಲೆ ಹಚ್ಚುವರು. ನೆಲಮಂಗಲ, ಮಾಗಡಿ, ತುಮಕೂರು ಕಡೆಯಿಂದಲೂ ಜನ ಲೊಕೇಶನ್ ಹಾಕಿಕೊಂಡು ಬಂದು ನಮ್ಮ ಜಗುಲಿಯಲ್ಲಿ ಅಂಗಿ ಎತ್ತಿ ಕೂರುತ್ತಿದ್ದರು. ಎಲೆ ಅಡಿಕೆ ಬಿಟ್ಟರೆ ಯಾರಿಂದಲೂ ಏನೂ ಮುಟ್ಟುತ್ತಿರಲಿಲ್ಲ. ಹಚ್ಚುವಾಗ ಬಾಯಲ್ಲೇ ಒಂದು ಪದ ಗುನುಗುತ್ತಿದ್ದರು. ಈ ಮನೆಗೆ ಸೊಸೆಯಾಗಿ ಬಂದು ಆ ಸೊಪ್ಪು ಹಿಡಿದ ಹೆಂಗಸರನ್ನೆಲ್ಲ ಅವರವರ ತವರೂರಿನ ಹೆಸರು ಹಿಡಿದು ಕರೆಯುವ ಪದ ಅದು. ಕೊನೆಯ ಹೆಸರು ಅತ್ತೆಯ ತವರೂರಿನದು. ಅಲ್ಲಿಗೆ ಪದ ನಿಂತುಬಿಡುತ್ತಿತ್ತು.

ಆ ಔಷಧಿಗೆ ಕಟ್ಟುಪಾಡು ಬಹಳ. ಅದು ಮಗಳಿಗೆ ಹೋಗುವ ಹಾಗಿಲ್ಲ, ಅತ್ತೆಯಿಂದ ಸೊಸೆಗೇ ಬರಬೇಕು. ಸೊಸೆಯ ಕೈಗೆ ಕೊಡುವ ತನಕ ಸೊಪ್ಪಿನ ಹೆಸರು ಯಾರ ಕಿವಿಗೂ ಬೀಳಬಾರದು, ಎಲೆ ಯಾರ ಕಣ್ಣಿಗೂ ಕಾಣಬಾರದು. ಅದಕ್ಕೇ ಅತ್ತೆ ಸೆರಗಿನೊಳಗೇ ಕಿತ್ತು, ಸೆರಗಿನೊಳಗೇ ಅರೆಯುತ್ತಿದ್ದರು. ಇನ್ನೊಂದು ಕಟ್ಟುಪಾಡು ಎಲ್ಲಕ್ಕಿಂತ ಕಠಿಣ. ಒಮ್ಮೆ ಕೊಟ್ಟ ಮೇಲೆ ಕೊಟ್ಟವಳು ಮತ್ತೆ ಆ ಸೊಪ್ಪು ಕೀಳಬಾರದು, ಹಚ್ಚಬಾರದು.

ಅಂದರೆ ಅದು ನನಗೆ ಬರಬೇಕಾಗಿದ್ದ ಔಷಧಿ. ನನಗೇನೂ ವೈದ್ಯ ಮಾಡುವ ಹುಚ್ಚು ಇರಲಿಲ್ಲ. ಆದರೆ ಅದು ಕೈಗೆ ಬಂದರೆ ನಾನು ಈ ಮನೆಯ ಸೊಸೆ, ಬರದಿದ್ದರೆ ಮಗನನ್ನು ಹಾರಿಸಿಕೊಂಡು ಬಂದವಳು. ಲೆಕ್ಕ ಅಷ್ಟು ನೇರವಾಗಿತ್ತು. ಮದುವೆಯಾದ ಎರಡನೇ ವರ್ಷ ಅತ್ತೆ ಯಾರೋ ನೆಂಟರ ಹತ್ತಿರ ಹೇಳಿದ್ದನ್ನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದೆ. "ಅವ್ಳಿಗ್ ಕೊಡಾಕಿಲ್ಲ ಕಣಕ್ಕ. ನನ್ ಜೊತೆಗೇ ಮಣ್ಣಾಗ್ಲಿ." ಆವತ್ತು ಮಾಡಿದ್ದ ಉಪ್ಪಿಟ್ಟನ್ನು ನಾನು ತಿನ್ನಲೇ ಇಲ್ಲ.

ಕೊರೋನಾ ಎರಡನೇ ಸಲ ಜೋರಾಗಿ ಬಂದಾಗ ನಮ್ಮ ಮನೆಯ ಮೂವರೂ ಮಲಗಿದೆವು, ಮೂವರೂ ಎದ್ದೆವು. ಅತ್ತೆಯ ನಡವಳಿಕೆ ಬದಲಾದದ್ದು ಅದಾದ ಮೇಲೆ. ಮೊದಲು ನನಗೆ ಹಳಸಿದ ಸಾರು ಬಡಿಸಿದರು. ಬಾಯಿಗಿಟ್ಟರೆ ಹುಳಿ ಹೊಡೆಯುತ್ತಿತ್ತು. "ಸಾರು ಕೆಟ್ಟಿದೆ ಅತ್ತೆ" ಅಂದರೆ ತಟ್ಟೆಯನ್ನು ಕಸಿದುಕೊಂಡು ಹೋಗಿ ಮುಸುರೆಗೆ ಸುರಿದು ಬಂದರು. ಇನ್ನೊಂದು ದಿನ ಹಾಲು ಸೀದು ಮನೆಯೆಲ್ಲ ಹೊಗೆಯಾದರೂ ಪಕ್ಕದಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದರು. ಬೇಕೆಂದೇ ಮಾಡುತ್ತಿದ್ದಾರೆ, ನಾನು ರೇಗಲಿ ಎಂದು ಕಾಯುತ್ತಿದ್ದಾರೆ ಎಂದುಕೊಂಡೆ.

ಆಮೇಲೆ ಎಲೆಗಳು ಶುರುವಾದವು. ಒಂದು ಸಂಜೆ ಮುಖ ಒರೆಸಿಕೊಳ್ಳಲು ಟವೆಲ್ ತೆಗೆದರೆ ಏನೋ ಸುಟ್ಟ ಹುರುಳಿಯ ವಾಸನೆ. ಕೊಡವಿದೆ, ಹಸಿರು ನುಗ್ಗುನುಗ್ಗಾದ ಪುಡಿ ಉದುರಿತು. ಇನ್ನೊಂದು ದಿನ ನನ್ನ ಟಿಫನ್ ಬ್ಯಾಗಿನ ಒಳಜೇಬಿನಲ್ಲಿ ಅಂಥದೇ ಪುಡಿ. ಇನ್ನೊಮ್ಮೆ ದಿಂಬಿನ ಮಗ್ಗುಲಲ್ಲಿ. ಪ್ರತಿಸಲ ನಾನು ಮೂಗು ಮುಚ್ಚಿಕೊಂಡು "ಥೂ, ಇದೇನಿದು ವಾಸನೆ!" ಅಂದಾಗ ಅತ್ತೆ ಎಲ್ಲಾದರೂ ಹತ್ತಿರದಲ್ಲೇ ಇರುತ್ತಿದ್ದರು. ನನ್ನ ಮುಖವನ್ನೇ ನೋಡುತ್ತಿದ್ದರು. ಕಣ್ಣು ಮಿಟುಕಿಸುತ್ತಿರಲಿಲ್ಲ.

ನಮ್ಮನೆಯವರಿಗೆ ಹೇಳಿದೆ. "ಅಮ್ಮ ಸೊಪ್ಪು ಸದೆ ಅಂತ ಓಡಾಡೋರು, ಎಲ್ಲೋ ಉದುರಿರುತ್ತೆ ಬಿಡೇ" ಅಂದರು.

"ನನ್ನ ದಿಂಬಿನೊಳಕ್ಕೇ ಬಂದು ಉದುರುತ್ತಾ?"

"ನಿನ್ ತಲೆಯೊಳಗೇ ಉದುರಿರ್ಬೇಕು" ಎಂದು ನಕ್ಕು ಬೈಕು ಹತ್ತಿದರು. ಗಂಡಸರಿಗೆ ತಾಯಿಯ ವಿಷಯದಲ್ಲಿ ಕಣ್ಣೂ ಇಲ್ಲ, ಕಿವಿಯೂ ಇಲ್ಲ. ನಾನು ಮಾರನೆಯ ದಿನದಿಂದ ಊಟ ನಾನೇ ಬಡಿಸಿಕೊಳ್ಳತೊಡಗಿದೆ. ನೀರಿನ ಚೊಂಬು ಬೇರೆ ಇಟ್ಟುಕೊಂಡೆ. ನನ್ನ ಬಟ್ಟೆಯನ್ನು ಅವರ ಬಟ್ಟೆಯ ಪಕ್ಕ ಒಣಗಹಾಕುವುದನ್ನೂ ಬಿಟ್ಟೆ.

ಆ ವರ್ಷ ಕೆರೆಯ ಆಚೆಯ ಬೇಲಿಸಾಲನ್ನೆಲ್ಲ ಯಾರೋ ಕೊಂಡು ಗೋಡೌನಿಗೆ ಕಾಂಪೌಂಡ್ ಎಬ್ಬಿಸಿದರು. ಅತ್ತೆ ನಲವತ್ತು ವರ್ಷ ಸೊಪ್ಪು ಕೀಳುತ್ತಿದ್ದುದು ಅಲ್ಲೇ. ಅದಾದ ಮೇಲೆ ಅವರು ಬೇರೆ ದಿಕ್ಕಿಗೆ, ತೋಟಗಳ ಹಿಂದಿನ ಹಳ್ಳದ ಕಡೆಗೆ ಹೋಗತೊಡಗಿದರು. ಹೋಗುವಾಗ ಒಂದು ಥರ, ಬರುವಾಗ ಇನ್ನೊಂದು ಥರ ಮುಖ. ಈಯಮ್ಮ ಅಲ್ಲಿ ಯಾರನ್ನು ನೋಡಿ ಬರುತ್ತಾರೆ ಎಂದು ಒಂದು ಭಾನುವಾರ ದೂರದಿಂದ ಹಿಂಬಾಲಿಸಿಯೂ ನೋಡಿದೆ. ಹಳ್ಳದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಸೆರಗಿನೊಳಗೆ ಕೈಯಾಡಿಸಿ ಆಡಿಸಿ, ಕಿತ್ತದ್ದನ್ನು ಎಸೆದು ಮತ್ತೆ ಕೀಳುತ್ತಿದ್ದರು. ನನಗೆ ಇನ್ನಷ್ಟು ಭಯವಾಯಿತು. ಇಷ್ಟು ಹುಡುಕಿ ಕೀಳುವಂಥದ್ದು ಯಾರಿಗೆ ಎಂದುಕೊಂಡೆ.

ಒಂದು ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವ ಹೊತ್ತಿಗೆ ಅತ್ತೆ ಹಿತ್ತಿಲ ಬಾಗಿಲಿನಿಂದ ಬಂದರು. ಬಲಗೈ ಮುಷ್ಟಿ ಬಿಗಿಯಾಗಿತ್ತು. ಜಗುಲಿಯಲ್ಲಿ ಅರಿಶಿನಕುಂಟೆಯಿಂದ ಬಂದ ಒಬ್ಬ ನಡುವಯಸ್ಸಿನವರು ಹೆಂಡತಿಯ ಜೊತೆ ಕಾಯುತ್ತಿದ್ದರು. ಸೊಂಟದ ಸುತ್ತ ಗುಳ್ಳೆ ಎದ್ದು ಆ ಮನುಷ್ಯ ನೆಟ್ಟಗೆ ಕೂರಲಾರದೆ ಒದ್ದಾಡುತ್ತಿದ್ದರು.

ಅತ್ತೆ ಆ ಮುಷ್ಟಿಯನ್ನು ನನ್ನ ಮೂಗಿನ ಹತ್ತಿರ ತಂದರು. "ಅಮ್ಮಣ್ಣಿ, ವಸಿ ಮೂಸ್ನೋಡು."

ಏಳು ವರ್ಷದಲ್ಲಿ ನನ್ನನ್ನು ಅಮ್ಮಣ್ಣಿ ಎಂದು ಕರೆದದ್ದು ಅದೇ ಮೊದಲು. ನನಗೆ ಮೈ ಜುಮ್ಮೆಂದಿತು, ಸಂತೋಷಕ್ಕಲ್ಲ.

"ಏನದು?"

"ಏನಾರಾ ಆಗ್ಲಿ. ಮೂಸಿ ಹೇಳು. ಆವತ್ತು ನಿನ್ ಟವಲ್ನಾಗಿತ್ತಲ್ಲ, ಆ ವಾಸ್ನೆ ಐತಾ?"

ಅಂದರೆ ಟವೆಲ್ಲಿನಲ್ಲಿ ಇಟ್ಟದ್ದು ತಾವೇ ಎಂದು ಅವರ ಬಾಯಿಂದಲೇ ಬಂತು. ನನ್ನ ತಲೆ ಕೆಟ್ಟುಹೋಯಿತು. ಮೂಸಿದರೆ ಮದ್ದು ಮೂಗಿನಿಂದ ಒಳಕ್ಕೆ ಹೋಗುತ್ತದೆ ಎಂದು ಉಸಿರು ಬಿಗಿಹಿಡಿದೆ. ಆದರೂ ಅಷ್ಟು ಹತ್ತಿರ ಹಿಡಿದ ಮೇಲೆ ತಿಳಿಯದೆ ಇರುತ್ತದೆಯೇ? ಮುಷ್ಟಿಯಿಂದ ಹಸಿ ಸೌತೆಕಾಯಿಯಂಥ ವಾಸನೆ ಬಂತು. ಸುಟ್ಟ ಹುರುಳಿಯ ವಾಸನೆ ಅಲ್ಲವೇ ಅಲ್ಲ. ಆ ವಾಸನೆ ಇಲ್ಲ ಎಂದು ಹೇಳಿದರೆ ಇನ್ನೊಂದು ತರುತ್ತಾರೆ, ಮತ್ತೆ ಮೂಸಿಸುತ್ತಾರೆ, ಅದೇನೋ ನನ್ನ ಮೇಲೆ ಕೂತುಕೊಳ್ಳುವ ತನಕ ಬಿಡುವುದಿಲ್ಲ ಅನಿಸಿತು.

"ಹೂಂ, ಅದೇ ವಾಸನೆ" ಎಂದು ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಓಡಿದೆ.

ಮೂರನೆಯ ದಿನ ಅರಿಶಿನಕುಂಟೆಯವರ ಹೆಂಡತಿ ಒಬ್ಬರೇ ಬಂದರು. ಜಗುಲಿ ಹತ್ತಲಿಲ್ಲ, ಬೀದಿಯಲ್ಲೇ ನಿಂತರು. ಔಷಧಿ ಹಚ್ಚಿದ ಕಡೆಯೆಲ್ಲ ಚರ್ಮ ಬೊಬ್ಬೆ ಎದ್ದು ಸುಲಿದುಹೋಗಿತ್ತಂತೆ. ಆಸ್ಪತ್ರೆಗೆ ಸೇರಿಸಿದ್ದರಂತೆ. "ನಿಮ್ಮ ಕೈಗುಣ ಅಂತ ನಂಬ್ಕೊಂಡ್ ಬಂದ್ವಿ ಕಣಜ್ಜಿ. ಮನುಷ್ಯನ್ನ ಬೇಯಿಸ್ಬಿಟ್ರಲ್ಲ" ಎಂದು ಅತ್ತರು, ಬೈದರು. ಬೀದಿಯವರೆಲ್ಲ ಹೊರಗೆ ಬಂದು ನಿಂತರು. ಅತ್ತೆ ಕಂಬ ಹಿಡಿದುಕೊಂಡು ನಿಂತೇ ಇದ್ದರು. ನಾನು ಬಾಗಿಲ ಮರೆಯಲ್ಲಿದ್ದೆ. ಹಸಿ ಸೌತೆಕಾಯಿಯ ವಾಸನೆ ಮತ್ತೆ ಮೂಗಿಗೆ ಬಂದಂತಾಯಿತು. ನನಗೆ ಎಲ್ಲ ಅರ್ಥವಾಗಿರಲಿಲ್ಲ, ಆದರೆ ಮುಷ್ಟಿಯಲ್ಲಿದ್ದದ್ದು ನನಗೆಂದು ತಂದದ್ದಲ್ಲ, ಆ ರೋಗಿಗೆ ಹಚ್ಚುವುದಕ್ಕೆ ತಂದ ಸೊಪ್ಪು ಎಂಬುದು ಅರ್ಥವಾಯಿತು.

ಆ ಮನುಷ್ಯರು ಹುಷಾರಾಗಿ ಮನೆಗೆ ಹೋದರು, ದೇವರು ದೊಡ್ಡವನು. ಅತ್ತೆ ಮಾತ್ರ ಹುಷಾರಾಗಲಿಲ್ಲ. ಹಳ್ಳದ ಕಡೆ ಹೋಗುವುದನ್ನು ಬಿಟ್ಟರು. ಯಾರಾದರೂ ಬಂದರೆ "ಇಲ್ಲಪ್ಪ, ಕೈ ಕೆಟ್ಟೋಗೈತೆ, ಆಸ್ಪತ್ರೆಗೋಗು" ಎಂದು ಕೈ ಮುಗಿದು ಕಳಿಸುತ್ತಿದ್ದರು. ಅರೆಯುವ ಕಲ್ಲನ್ನು ತೊಳೆದು ಗೋಡೆಯ ಪಕ್ಕ ಮಗುಚಿ ಇಟ್ಟರು. ದಿನಾ ಬೆಳಿಗ್ಗೆ ದೇವರ ಮುಂದೆ ಬಲಗೈಯನ್ನು ಮುಂದೆ ಹಿಡಿದುಕೊಂಡು ಬಹಳ ಹೊತ್ತು ಕೂರುತ್ತಿದ್ದರು. ನಾನು ನೋಡಿಯೂ ನೋಡದವಳ ಹಾಗೆ ಟಿಫನ್ ಬ್ಯಾಗು ಹಿಡಿದು ಆಚೆ ಹೋಗುತ್ತಿದ್ದೆ. ಅಷ್ಟು ಹೊತ್ತಿಗೂ ನನ್ನ ಅನುಮಾನ ಸತ್ತಿರಲಿಲ್ಲ ಎಂದು ಹೇಳಲು ನಾಚಿಕೆಯಾಗುತ್ತದೆ. ಸರಿಯಾದ ಸೊಪ್ಪೋ ಅಲ್ಲವೋ ನಲವತ್ತು ವರ್ಷ ಹಚ್ಚಿದವರಿಗೆ ಗೊತ್ತಾಗದೆ ನನ್ನನ್ನು ಯಾಕೆ ಕೇಳಿದರು? ತಪ್ಪಾದರೆ ನನ್ನ ತಲೆಗೆ ಕಟ್ಟುವುದಕ್ಕೇ ಇರಬೇಕು. ಹಾಗಾದರೆ ಇನ್ನೂ ಯಾಕೆ ಕಟ್ಟಲಿಲ್ಲ? ಕಾಯುತ್ತಿದ್ದಾರೆ. ಹೀಗೇ ಸುತ್ತುತ್ತಿದ್ದೆ.

ಅವರೆಕಾಯಿಯ ಕಾಲ ಬಂತು. ನಾನು ನೆಲಮಂಗಲದಿಂದ ಬರುವಾಗ ಎರಡು ಕೆಜಿ ತಂದೆ. ಅವಸರದಲ್ಲಿ ನೋಡದೆ ತಂದದ್ದು, ಮನೆಗೆ ಬಂದ ಮೇಲೆ ನೋಡಿದರೆ ವರ್ಷವೆಲ್ಲ ಸಿಗುವ ಹೈಬ್ರಿಡ್ ಕಾಯಿ. ಅದಕ್ಕೆ ಸೊಗಡೇ ಇರುವುದಿಲ್ಲ. ಸೊಗಡಿಲ್ಲದ ಅವರೆಯನ್ನು ನಮ್ಮ ಕಡೆ ಯಾರೂ ಅವರೆ ಅನ್ನುವುದಿಲ್ಲ. ಅತ್ತೆ ಇನ್ನು ನನ್ನ ಮಾನ ಕಳೆಯುತ್ತಾರೆ ಎಂದು ಮೊರಕ್ಕೆ ಸುರಿದು ಅವರ ಮುಂದೆ ಇಟ್ಟೆ.

ಅತ್ತೆ ಎಲ್ಲರೂ ಮಾಡುವ ಹಾಗೆ ಒಂದು ಹಿಡಿ ಎತ್ತಿ ಮೂಗಿಗೆ ಹಿಡಿದರು, ಉಸಿರೆಳೆದರು. "ಏನ್ ಸೊಗಡಮ್ಮ! ಈ ಸಲ ಸೋನೆ ಚೆನ್ನಾಗಿ ಬಿದ್ದೈತೆ" ಅಂದರು.

ಅಣಕಿಸುತ್ತಿದ್ದಾರೆ ಎಂದೇ ಮೊದಲು ಅನಿಸಿದ್ದು. ತಿರುಗಿ ಮುಖ ನೋಡಿದೆ. ಮುಖದಲ್ಲಿ ಅಣಕವಿರಲಿಲ್ಲ. ನಾನು ಒಪ್ಪಲಿ ಎಂದು ಕಾಯುತ್ತಿರುವ ಮುಖ ಅದು. ಹಳಸಿದ ಸಾರು, ಸೀದ ಹಾಲು, ಟವೆಲ್ಲು, ಮುಷ್ಟಿ, ಎಲ್ಲ ಒಟ್ಟಿಗೆ ತಲೆಗೆ ಬಂದು ನಾನು ಅಲ್ಲೇ ನೆಲಕ್ಕೆ ಕೂತೆ.

"ಅತ್ತೆ, ಇದು ಹೈಬ್ರಿಡ್ಡು. ಇದಕ್ಕೆ ಸೊಗಡೇ ಇಲ್ಲ."

ಅವರ ಕೈ ಹಾಗೇ ನಿಂತಿತು.

"ನಿಮಗೆ ವಾಸನೆ ಗೊತ್ತಾಗ್ತಿಲ್ಲ. ಯಾವಾಗಿನಿಂದ?"

ಹಿಡಿದಿದ್ದ ಕಾಯನ್ನು ಮೊರಕ್ಕೆ ಬಿಟ್ಟು ಹೇಳಿದರು. "ಆ ಕಾಯಿಲೆ ಬಂದೋಯ್ತಲ್ಲ, ಆಗ್ಲಿಂದ. ನಿಮ್ಗೆಲ್ಲ ವಾಪಸ್ ಬಂತು, ನಂಗ್ ಬರ್ಲಿಲ್ಲ."

ಹಳೆಯ ಬೇಲಿಸಾಲಿನಲ್ಲಿ ಆ ಸೊಪ್ಪು ಒಂದೇ ಇತ್ತಂತೆ, ಹಳ್ಳದಲ್ಲಿ ಎರಡು ಸೊಪ್ಪು ಒಟ್ಟಿಗೆ ಬೆಳೆಯುತ್ತವಂತೆ. ಬೆರಳಿಗೆ ಎರಡೂ ಒಂದೇ. ಬಿಸಿಲಿಗೆ ಹಿಡಿದು ನೋಡಿ ಗುರುತಿಸೋಣ ಅಂದರೆ ಬಯಲಿನಲ್ಲಿ ಸೆರಗು ಸರಿಸಿ ಎಲೆ ತೋರಿಸುವ ಹಾಗಿಲ್ಲ, ಅಲ್ಲದೆ ಅವರ ಕಣ್ಣೂ ಮಂಜು. ಉಳಿದದ್ದು ವಾಸನೆ ಒಂದೇ. ಅದಕ್ಕೇ ಹಳೆಯ ಜಾಗದಿಂದ ತಂದು ಒಣಗಿಸಿಟ್ಟಿದ್ದ ಸೊಪ್ಪನ್ನು, ಇದು ಖಂಡಿತ ಸರಿ ಎಂದು ಗೊತ್ತಿದ್ದ ಸೊಪ್ಪನ್ನು, ನೆನೆಸಿ ಹಿಸುಕಿ ನನ್ನ ಟವೆಲ್ಲಿನಲ್ಲಿ, ಬ್ಯಾಗಿನಲ್ಲಿ, ದಿಂಬಿನಲ್ಲಿ ಇಟ್ಟು ನೋಡಿದ್ದರು. ನನ್ನ ಮೂಗು ಅದನ್ನು ಹಿಡಿಯುತ್ತದೋ ಇಲ್ಲವೋ ಎಂದು.

"ಬಾಯಿಬಿಟ್ಟು ಕೇಳಬಾರದಿತ್ತಾ ಅತ್ತೆ?"

"ಕೇಳಿದ್ರೆ ಕೊಟ್ಟಂಗೆ ಅಲ್ವಾ? ಕೊಟ್ಮ್ಯಾಕೆ ನಂಗೇನೈತೆ? ನೀನು ಅದ್ನೂ ಈಸ್ಕೊಂಡು, ಮಗನ್ನೂ ಕರ್ಕೊಂಡು ದೊಡ್ಡಬಳ್ಳಾಪುರಕ್ಕೆ ಹೊಂಟೋದ್ರೆ?"

ಏಳು ವರ್ಷ ಅವರೂ ನನ್ನನ್ನು ಹಾಗೇ ನೋಡಿದ್ದರು. ಒಂದೇ ಒಲೆಯ ಮುಂದೆ ಕೂತು ಇಬ್ಬರೂ ಒಬ್ಬರನ್ನೊಬ್ಬರು ಕಳ್ಳರೆಂದುಕೊಂಡಿದ್ದೆವು.

ಈಗ ನಾನು ಹೇಳಬೇಕಿತ್ತು. ಸುಳ್ಳು ಹೇಳಿ ಇನ್ನೂ ತಪ್ಪಿಸಿಕೊಳ್ಳಬಹುದು, ಆವತ್ತು ಶೀತವಾಗಿತ್ತು ಅನ್ನಬಹುದು ಎಂದೂ ಯೋಚಿಸಿದೆ. ಆದರೆ ಅವರು ತಮ್ಮ ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದರು.

"ಆವತ್ತು ಮುಷ್ಟಿಯಲ್ಲಿದ್ದದ್ದು ಆ ವಾಸನೆ ಅಲ್ಲ ಅತ್ತೆ. ನನಗೆ ಗೊತ್ತಾಗಿತ್ತು. ನೀವು ನನಗೇನೋ ಮಾಡ್ತಿದೀರಿ ಅಂತ ಹೆದರಿ ಸುಳ್ಳು ಹೇಳಿದೆ."

"ಬೇಕಂತ ಹೇಳ್ದಾ?"

"ಹೂಂ."

ಹೊಡೆಯುತ್ತಾರೆ ಅಂದುಕೊಂಡೆ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಸೆರಗು ಬಾಯಿಗಿಟ್ಟುಕೊಂಡು ಗೊಳೋ ಎಂದು ಅತ್ತರು. "ಹಂಗಾರೆ ನನ್ ಕೈ ಕೆಟ್ಟಿಲ್ಲ ಅನ್ನು. ಕೈ ಕೆಟ್ಟಿಲ್ಲ ಅನ್ನು ತಾಯಿ" ಎಂದು ಮತ್ತೆ ಮತ್ತೆ ಹೇಳಿಸಿದರು. ನಾನು ಅವರ ಕೈ ಹಿಡಿದುಕೊಂಡು ಕೆಟ್ಟಿಲ್ಲ ಅತ್ತೆ, ಕೆಟ್ಟಿಲ್ಲ ಅತ್ತೆ ಎನ್ನುತ್ತಲೇ ಇದ್ದೆ. ನನಗೂ ಅಳು ಬಂತು. ನನ್ನ ಬಗ್ಗೆ ನನಗೇ ಅಷ್ಟು ಅಸಹ್ಯ ಆ ಮೇಲೆ ಎಂದೂ ಆಗಿಲ್ಲ.

ಎರಡು ವಾರ ನನ್ನ ಹತ್ತಿರ ಮಾತಾಡಲಿಲ್ಲ. ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಬಾ ಅಂದರು. ಹಳ್ಳದ ಹತ್ತಿರ ಕರೆದುಕೊಂಡು ಹೋಗಿ ಸೆರಗು ಸರಿಸಿ ಎಲೆ ತೋರಿಸಿದರು, ಹೆಸರು ಹೇಳಿದರು. ಆ ಹೆಸರು ಇಲ್ಲಿ ಬರೆಯುವುದಿಲ್ಲ, ಅದಕ್ಕೆ ನೀವು ಬೇಜಾರು ಮಾಡಿಕೊಳ್ಳಬಾರದು. ಪದವನ್ನೂ ಕಲಿಸಿದರು. ಕೊನೆಗೆ ದೊಡ್ಡಬಳ್ಳಾಪುರವನ್ನು ಅವರೇ ಸೇರಿಸಿದರು, ಸ್ವಲ್ಪ ತಡವರಿಸಿ. ಅಲ್ಲಿಂದ ಮುಂದೆ ಅವರು ಆ ಸೊಪ್ಪನ್ನು ಮುಟ್ಟಲಿಲ್ಲ.

ಬೇಕಾದದ್ದು ಸಿಕ್ಕಿತಲ್ಲ ಅನ್ನಬಹುದು. ನನಗೂ ಹಾಗೇ ಅನಿಸಿತ್ತು, ಮೊದಲನೆಯ ರೋಗಿ ಬರುವ ತನಕ. ಮೊದಲು ಡಾಕ್ಟರಿಗೆ ತೋರಿಸಿ ಬನ್ನಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಮೊದಲು ಬಂದ ಆ ಹೆಂಗಸು ತೋರಿಸಿಕೊಂಡೇ ಬಂದಿದ್ದರು. ನಾನು ಸೊಪ್ಪು ತಂದು, ಮೂಸಿ, ಅರೆದು ಬಟ್ಟಲು ಹಿಡಿದು ಜಗುಲಿಗೆ ಬಂದೆ. ಅತ್ತೆ ಅಡ್ಡ ಬಂದು ಕೂತರು. ಎಡಗೈ ರವಿಕೆಯ ತೋಳು ಮೇಲಕ್ಕೆ ಸರಿಸಿ ನನ್ನ ಮುಂದೆ ಚಾಚಿದರು.

"ಮೊದ್ಲು ಇಲ್ಲಿ ಹಚ್ಚು."

"ಅತ್ತೆ, ನಾನು ಸರಿಯಾಗಿ ನೋಡಿದೀನಿ."

"ಹಚ್ಚು ಅಂದ್ನಲ್ಲ."

ಹಚ್ಚಿದೆ. ಅವರ ತೋಳಿನ ಚರ್ಮ ಬಹಳ ತೆಳು, ನರವೆಲ್ಲ ಕಾಣುತ್ತದೆ. ಅರ್ಧ ಗಂಟೆ ಕೂತರು. ಕೆಂಪಾಗಲಿಲ್ಲ, ಬೊಬ್ಬೆ ಏಳಲಿಲ್ಲ. ಆಮೇಲೆ ಎದ್ದು ಜಾಗ ಬಿಟ್ಟರು. ಮೊದಲ ಸಲಕ್ಕೆ ಮಾತ್ರ ಅಂದುಕೊಂಡೆ. ಎರಡನೆಯ ಸಲವೂ ಬಂದು ಕೂತರು, ಹತ್ತನೆಯ ಸಲವೂ ಬಂದು ಕೂತರು. ನನ್ನ ತೋಳಿಗೆ ಹಚ್ಚಿಕೊಳ್ಳುತ್ತೇನೆ ಎಂದು ಒಮ್ಮೆ ಹಟ ಮಾಡಿದೆ. "ನಿಂಗೆ ಉರಿದ್ರೂ ಉರೀಲಿಲ್ಲ ಅಂತೀಯ" ಅಂದರು.

ಮೊನ್ನೆ ತಡೆಯಲಾರದೆ ಕೇಳಿಯೇಬಿಟ್ಟೆ. "ಇಷ್ಟು ದಿನ ಆಯ್ತು, ಇನ್ನೂ ನಂಬಿಕೆ ಬರ್ಲಿಲ್ವಾ ಅತ್ತೆ?"

"ನಿನ್ ಕೈ ಮ್ಯಾಲೆ ಐತೆ ಕಣಮ್ಮಣ್ಣಿ" ಅಂದರು. "ನಿನ್ ಬಾಯ್ ಮ್ಯಾಲೆ ಇಲ್ಲ."

ಕೋಪದಿಂದ ಹೇಳಿದ್ದಲ್ಲ. ಹೇಳಿ ತೋಳು ಚಾಚಿದರು. ಬಂದಿದ್ದ ರೋಗಿ ಏನೂ ಅರ್ಥವಾಗದೆ ನಮ್ಮಿಬ್ಬರನ್ನೂ ನೋಡುತ್ತಿದ್ದರು. ನಾನು ಬಟ್ಟಲು ಹತ್ತಿರ ಎಳೆದುಕೊಂಡು ಅತ್ತೆಯ ತೋಳಿಗೆ ಹಚ್ಚಿದೆ, ಮೂವರೂ ಅದನ್ನೇ ನೋಡುತ್ತ ಕೂತೆವು.